ಇಂಜಿನನ್ನು ತೂಗುವ ತಕ್ಕಡಿ

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆಯನ್ನು ಕೇಳದವರಾರು? ಅಂಗಡಿಯವನು ಅಕ್ಕಿಯನ್ನು ತೂಗುವಾಗ ಗೃಹಿಣಿಯು ತಕ್ಕಡಿಯ ಮುಳ್ಳಿನ ಮೇಲೆ ಕಣ್ಣಿಟ್ಟಿರುವಳು. ಅಕ್ಕಸಾಲಿಗನು ಚಿನ್ನವನ್ನು ಒರೆಗೆ ಹಚ್ಚದೆ ಬೆಲೆಯನ್ನು ಹೇಳುವುದಿಲ್ಲ. ಆದರೆ ಮನೆಗೊಂದು ಮೋಟಾರು ಕಾರನ್ನು ಕೊಳ್ಳುವಾಗ, ಅದರ ಇಂಜಿನಿಗೆ ಇಷ್ಟು ಅಶ್ವಶಕ್ತಿಯಿದೆ ಎಂದು ತಯಾರಕರು ಅಚ್ಚು ಹಾಕಿಸಿದ ಮಾತನ್ನು ನಾವು ಹಾಗೆಯೇ ನಂಬಿಬಿಡುವೆವು. ಇಂಜಿನಿನ ಬಲವನ್ನು ತೂಗುವುದಕ್ಕೆ ತಕ್ಕಡಿಯುಂಟೇ ಎಂಬ ಪ್ರಶ್ನೆಯೂ ನಮ್ಮಲ್ಲಿ ಅನೇಕರಿಗೆ ಹೊಳೆಯುವುದಿಲ್ಲ.

ಅಂತಹ ತಕ್ಕಡಿಯುಂಟು. ಅದಕ್ಕೆ ಡೈನಮಾಮೀಟರ್ ಎಂದು ಹೆಸರು, ಕನ್ನಡದಲ್ಲಿ ಬಲಮಾಪಕವೆನ್ನಬಹುದು. ಅದು ಎಂತಹ ಕೆಲಸವನ್ನು ಮಾಡಬಲ್ಲುದೆಂಬುದಕ್ಕೆ ಅಮೆರಿಕದಲ್ಲಿ ನಡೆದ ಒಂದು ಸಂಗತಿಯನ್ನು ಮೊದಲು ಹೇಳುವೆನು.

1999ರಲ್ಲಿ ಅಲ್ಲಿಯ ಫೋರ್ಡ್ ಸಂಸ್ಥೆಯು ಮಸ್ಟಾಂಗ್ ಕೋಬ್ರಾ ಎಂಬ ತನ್ನ ವೇಗದ ಕಾರನ್ನು ಹೊಸ ರೂಪದಲ್ಲಿ ಮಾರಲಾರಂಭಿಸಿತು. ಎಂಟು ಸಿಲಿಂಡರುಗಳ, 4.6 ಲೀಟರು ಗಾತ್ರದ ಅದರ ಇಂಜಿನು 320 ಅಶ್ವಶಕ್ತಿಯದೆಂದು ಪ್ರಕಟನೆಯಾಗಿದ್ದಿತು. ಹಿಂದಿನ ವರ್ಷದ ಕಾರಿಗೆ ಹೇಳಿದ್ದ 305ಕ್ಕಿಂತ ಇದು 15 ಹೆಚ್ಚು. ಕಾರನ್ನು ಕೊಂಡವರು ಓಡಿಸಿ ನೋಡಿದರು; ಹೇಳಿದಷ್ಟು ಚುರುಕು ಅದರಲ್ಲಿ ಕಾಣಲಿಲ್ಲ. ಅವರು ವಾದಕ್ಕೆ ಹೋಗದೆ ಕಾರುಗಳನ್ನು ಬಲಮಾಪಕದ ಮೇಲೆ ಹತ್ತಿಸಿದರು. ಗೇರು, ಅಚ್ಚು, ಟೈರುಗಳಲ್ಲಿ ಸೋರಿಹೋಗುವ ಬಲವನ್ನೆಲ್ಲ ಸೇರಿಸಿ ಎಣಿಸಿದರೂ ಲೆಕ್ಕವು 320ಕ್ಕೆ ಮುಟ್ಟಲಿಲ್ಲ. ಆ ವರ್ಷದ ಆಗಸ್ಟಿನಲ್ಲಿ ಸಂಸ್ಥೆಯು ಮಾರಾಟವನ್ನು ನಿಲ್ಲಿಸಿ, ಮಾರಿದ್ದ ಕಾರುಗಳನ್ನು ಹಿಂದಕ್ಕೆ ಕರೆಯಿಸಿಕೊಂಡು, ಗಾಳಿಯನ್ನು ಒಳಕ್ಕೆ ಒಯ್ಯುವ ಕೊಳವೆಗಳನ್ನೂ, ಇಂಜಿನನ್ನು ಆಳುವ ಕಂಪ್ಯೂಟರನ್ನೂ, ಹೊಗೆಯ ಕೊಳವೆಯ ಹಿಂಭಾಗವನ್ನೂ ಬದಲಾಯಿಸಿಕೊಟ್ಟಿತು. 2000ನೆಯ ಇಸವಿಯಲ್ಲಿ ಸಾಮಾನ್ಯ ಕೋಬ್ರಾ ಕಾರು ಹೊರಬರಲೇ ಇಲ್ಲ. 2001ರಲ್ಲಿ ಮತ್ತೆ ಬಂದಿತು. ದೊಡ್ಡ ಸಂಸ್ಥೆಯೊಂದು ತನ್ನ ಮಾತನ್ನು ತಿದ್ದಿಕೊಳ್ಳುವಂತೆ ಮಾಡಿದ್ದು ಕೆಲವು ಉಕ್ಕಿನ ಉರುಳೆಗಳು ಬರೆದ ಗೆರೆ.

ಬೀಸುವ ಕಲ್ಲಿನ ಪಾಠ

ಈ ಯಂತ್ರದ ಮರ್ಮವನ್ನು ತಿಳಿಯುವುದಕ್ಕೆ ನಮ್ಮ ಮನೆಗಳ ಹಳೆಯ ಬೀಸುವ ಕಲ್ಲಿಗಿಂತ ಒಳ್ಳೆಯ ಉಪಾಧ್ಯಾಯನು ಬೇಡ. ಬರಿಯ ಕಲ್ಲನ್ನು ಹತ್ತು ವರ್ಷದ ಹುಡುಗಿಯೂ ತಿರುಗಿಸಬಲ್ಲಳು. ಅದರಿಂದ ಅವಳ ತೋಳಿನ ಶಕ್ತಿ ಎಷ್ಟೆಂದು ತಿಳಿಯದು. ಒಂದು ಹಿಡಿ ರಾಗಿಯನ್ನು ಬಾಯಿಗೆ ಹಾಕಿದೊಡನೆ ಕಲ್ಲು ತಡೆಯುವುದು; ಆಗಲೇ ಬೀಸುವವರ ಶಕ್ತಿಯ ಪರೀಕ್ಷೆ. ಇಂಜಿನೂ ಹಾಗೆಯೇ. ನಿಂತ ಕಾರಿನಲ್ಲಿ ಅದನ್ನು ಎಷ್ಟು ಗರ್ಜಿಸುವಂತೆ ಮಾಡಿದರೂ ಅದರ ಬಲವು ಗೊತ್ತಾಗುವುದಿಲ್ಲ. ಅದಕ್ಕೆ ತಡೆಯನ್ನೊಡ್ಡಿ, ಆ ತಡೆಯನ್ನು ಎಷ್ಟು ಬಲದಿಂದ ನೂಕುತ್ತದೆ ಎಂಬುದನ್ನು ಅಳೆಯಬೇಕು.

ಬೀಸುವ ಕಲ್ಲಿನಲ್ಲಿ ಇನ್ನೊಂದು ಪಾಠವುಂಟು. ಗೂಟವು ನಡುವಿಗೆ ಹತ್ತಿರವಿದ್ದರೆ ಕೈಗೆ ಕಷ್ಟ, ಅಂಚಿನಲ್ಲಿದ್ದರೆ ಸುಲಭ. ಕೈಯ ಒತ್ತಡವನ್ನು ನಡುವಿನಿಂದ ಗೂಟಕ್ಕಿರುವ ದೂರದಿಂದ ಗುಣಿಸಿದರೆ ಬರುವುದೇ ತಿರುಗುಬಲ. ಇಂಜಿನಿಯರರು ಇದನ್ನು ಟಾರ್ಕ್ ಎನ್ನುವರು. ಇಬ್ಬರು ಒಂದೇ ತಿರುಗುಬಲದಿಂದ ಬೀಸಿದರೂ, ಒಬ್ಬಳು ನಿಮಿಷಕ್ಕೆ ಇಪ್ಪತ್ತು ಸುತ್ತನ್ನೂ ಇನ್ನೊಬ್ಬಳು ನಲವತ್ತು ಸುತ್ತನ್ನೂ ತಿರುಗಿಸಿದರೆ ಎರಡನೆಯವಳು ಎರಡರಷ್ಟು ಹಿಟ್ಟನ್ನು ತೆಗೆಯುವಳು. ತಿರುಗುಬಲವನ್ನು ಸುತ್ತುಗಳ ವೇಗದಿಂದ ಗುಣಿಸಿದಾಗ ಸಾಮರ್ಥ್ಯವು ದೊರೆಯುವುದು. ಜೇಮ್ಸ್ ವಾಟನು ಇದನ್ನೇ ಕುದುರೆಯ ಲೆಕ್ಕದಲ್ಲಿ ಹೇಳಿದನು: 33,000 ಪೌಂಡು ಭಾರವನ್ನು ಒಂದು ನಿಮಿಷದಲ್ಲಿ ಒಂದಡಿ ಎತ್ತುವ ಸಾಮರ್ಥ್ಯವೇ ಒಂದು ಅಶ್ವಶಕ್ತಿ. ಈಗಿನ ಅಳತೆಯಲ್ಲಿ ಅದು ಸುಮಾರು 746 ವಾಟ್. ಲೆಕ್ಕ ಮಾಡಬಯಸುವವರಿಗೆ ಸೂತ್ರವೂ ಸುಲಭ: ನ್ಯೂಟನ್-ಮೀಟರುಗಳಲ್ಲಿರುವ ತಿರುಗುಬಲವನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವಾಟ್ ಬರುವುದು. 300 ನ್ಯೂಟನ್-ಮೀಟರಿನ ಬಲದಿಂದ ನಿಮಿಷಕ್ಕೆ 5000 ಸುತ್ತು ತಿರುಗುವ ಇಂಜಿನಿನ ಸಾಮರ್ಥ್ಯವು 157 ಕಿಲೋವಾಟ್, ಎಂದರೆ ಸುಮಾರು 210 ಅಶ್ವಶಕ್ತಿ.

ಮರದ ಹಿಡಿಯಿಂದ ಉಕ್ಕಿನ ಉರುಳೆಯವರೆಗೆ

1821ರಲ್ಲಿ ಫ್ರಾನ್ಸ್ ದೇಶದ ಗಾಸ್ಪಾರ್ ದ ಪ್ರೋನಿ ಎಂಬ ವಿದ್ವಾಂಸನು ಬಹು ಸರಳವಾದ ಬಲಮಾಪಕವನ್ನು ಕಲ್ಪಿಸಿದನು. ತಿರುಗುವ ದಂಡವನ್ನು ಎರಡು ಮರದ ತುಂಡುಗಳ ನಡುವೆ ಬಿಗಿಹಿಡಿದು, ಅವುಗಳಿಗೆ ಉದ್ದವಾದ ಒಂದು ಸನ್ನೆಯನ್ನು ಜೋಡಿಸಿದನು. ದಂಡವು ಸನ್ನೆಯನ್ನೂ ತನ್ನೊಡನೆ ಎಳೆದೊಯ್ಯಲು ನೋಡುವುದು. ಸನ್ನೆಯ ತುದಿಗೆ ತೂಕವನ್ನು ಕಟ್ಟಿ ಅದನ್ನು ಸಮನಾಗಿ ನಿಲ್ಲಿಸುವರು. ತೂಕವೆಷ್ಟು, ಸನ್ನೆಯ ಉದ್ದವೆಷ್ಟು ಎಂದು ತಿಳಿದರೆ ತಿರುಗುಬಲವು ಸಿಕ್ಕಿತು. ಆದರೆ ಇಂಜಿನಿನ ಸಾಮರ್ಥ್ಯವೆಲ್ಲವೂ ಅಲ್ಲಿ ಉಜ್ಜಾಟದ ಬಿಸಿಯಾಗಿ ಪರಿಣಮಿಸುವುದರಿಂದ, ದೊಡ್ಡ ಇಂಜಿನುಗಳ ಮುಂದೆ ಮರವು ತಾಳದು.

ಈ ಕೊರತೆಯನ್ನು ನೀಗಿಸಿದವನು ಇಂಗ್ಲೆಂಡಿನ ವಿಲಿಯಂ ಫ್ರೌಡ್. ದೊಡ್ಡ ಹಡಗುಗಳ ಇಂಜಿನುಗಳನ್ನು ಅಳೆಯುವುದಕ್ಕಾಗಿ ಅವನು 1877ರಲ್ಲಿ ನೀರಿನ ಬಲಮಾಪಕವನ್ನು ರಚಿಸಿದನು. ಬಟ್ಟಲುಗಳಂತಹ ಗುಳಿಗಳಿರುವ ಚಕ್ರವೊಂದು ನೀರು ತುಂಬಿದ ಪೆಟ್ಟಿಗೆಯೊಳಗೆ ತಿರುಗುವುದು. ಚಕ್ರವು ಎರಚಿದ ನೀರು ಪೆಟ್ಟಿಗೆಯ ಗುಳಿಗಳಿಗೆ ಬಡಿದು ಪೆಟ್ಟಿಗೆಯನ್ನೇ ತಿರುಗಿಸಲು ಯತ್ನಿಸುವುದು. ಪೆಟ್ಟಿಗೆಯನ್ನು ಹಿಡಿದ ಸನ್ನೆಯು ಆ ಯತ್ನವನ್ನು ತೂಗುವುದು. ಹುಟ್ಟಿದ ಬಿಸಿಯನ್ನು ಹರಿಯುವ ನೀರೇ ಹೊತ್ತುಕೊಂಡು ಹೋಗುವುದು.

ಇಂದಿನ ಕಾರ್ಯಾಗಾರಗಳಲ್ಲಿ ಇಂಜಿನನ್ನು ಹೊರಕ್ಕೆ ತೆಗೆಯದೆ, ಕಾರನ್ನೇ ಯಂತ್ರದ ಮೇಲೆ ನಿಲ್ಲಿಸುವ ಪದ್ಧತಿಯು ರೂಢಿಯಲ್ಲಿದೆ. ನೆಲದ ಮಟ್ಟದಲ್ಲಿ ಭಾರವಾದ ಉಕ್ಕಿನ ಉರುಳೆಗಳಿರುವುವು. ಇಂಜಿನಿನಿಂದ ತಿರುಗುವ ಚಕ್ರಗಳನ್ನು ಅವುಗಳ ಮೇಲಿರಿಸಿ, ಕಾರನ್ನು ಪಟ್ಟಿಗಳಿಂದ ನೆಲಕ್ಕೆ ಬಿಗಿಯುವರು. ಕಾರು ನೂರಾರು ಕಿಲೋಮೀಟರು ವೇಗದಲ್ಲಿ ಓಡುವುದು, ಆದರೆ ನಿಂತಲ್ಲಿಯೇ ಇರುವುದು. ಮುಂದುಗಡೆ ದೊಡ್ಡ ಬೀಸಣಿಗೆ ಯಂತ್ರವು ಗಾಳಿಯನ್ನು ಒದಗಿಸುವುದು. ಹಿಂದುಗಡೆ ಕೊಳವೆಯೊಂದು ವಿಷವಾಯುವನ್ನು ಹೊರಕ್ಕೆ ಸಾಗಿಸುವುದು. ಈ ಎರಡರಲ್ಲಿ ಯಾವುದು ತಪ್ಪಿದರೂ ಅಪಾಯ.

ಉರುಳೆಯ ಯಂತ್ರಗಳಲ್ಲಿ ಎರಡು ಬಗೆ. ಒಂದರಲ್ಲಿ ಉರುಳೆಯ ಜಡತೆಯೇ ತಡೆ: ಇಷ್ಟು ಭಾರದ ಉರುಳೆಯನ್ನು ಎಷ್ಟು ಹೊತ್ತಿನಲ್ಲಿ ಎಷ್ಟು ವೇಗಕ್ಕೇರಿಸಿತು ಎಂಬುದರಿಂದ ಸಾಮರ್ಥ್ಯವನ್ನು ಗುಣಿಸುವರು. ಇನ್ನೊಂದರಲ್ಲಿ ನೀರಿನದೋ ಅಯಸ್ಕಾಂತದ್ದೋ ತಡೆಯಿರುವುದು. ಹಳೆಯ ಮನೆಗಳ ವಿದ್ಯುತ್ ಮೀಟರಿನಲ್ಲಿ ಗಾಜಿನ ಹಿಂದೆ ತಿರುಗುತ್ತಿದ್ದ ತೆಳ್ಳನೆಯ ಲೋಹದ ಬಿಲ್ಲೆಯನ್ನು ವಾಚಕರು ನೋಡಿರಬಹುದು. ಅದು ಮಿತಿಮೀರಿ ಓಡದಂತೆ ಒಂದು ಅಯಸ್ಕಾಂತವು ಮುಟ್ಟದೆಯೇ ತಡೆಹಿಡಿಯುತ್ತಿತ್ತು. ಅದೇ ತತ್ತ್ವವು ಇಲ್ಲಿ ಬೃಹದಾಕಾರದಲ್ಲಿ ಕೆಲಸಮಾಡುವುದು. ಈ ಬಗೆಯ ಯಂತ್ರವು ಇಂಜಿನನ್ನು 3000 ಸುತ್ತಿನಲ್ಲಿಯೇ ನಿಲ್ಲಿಸೆಂದರೆ ನಿಲ್ಲಿಸಬಲ್ಲುದಾದ್ದರಿಂದ, ಸೂಕ್ಷ್ಮವಾಗಿ ಶ್ರುತಿ ಮಾಡುವವರಿಗೆ ಇದೇ ಹೆಚ್ಚು ಅನುಕೂಲ.

ಶ್ರುತಿ ಮಾಡುವ ಬಗೆ

ಶ್ರುತಿ ಮಾಡುವುದೆಂದರೇನು? ಕಾರ್ಖಾನೆಯವರು ತಮ್ಮ ಕಾರನ್ನು ಹಿಮ ಬೀಳುವ ಊರಿಗೂ ಬಿಸಿಲ ನಾಡಿಗೂ, ಒಳ್ಳೆಯ ಪೆಟ್ರೋಲಿಗೂ ಕೀಳು ಪೆಟ್ರೋಲಿಗೂ, ಜಾಗರೂಕನಿಗೂ ಅಜಾಗರೂಕನಿಗೂ ಹೊಂದುವಂತೆ ಅಳವಡಿಸಿರುವರು. ಪಂದ್ಯದ ಪಥದಲ್ಲಿ ಓಡಿಸುವವನು ಈ ಸರ್ವಸಾಮಾನ್ಯ ಅಳವಡಿಕೆಯನ್ನು ಬಿಟ್ಟು, ತನ್ನ ಒಂದು ಇಂಜಿನಿಗೆ, ತಾನು ಹಾಕುವ ಒಂದು ಪೆಟ್ರೋಲಿಗೆ ತಕ್ಕಂತೆ ಅದನ್ನು ತಿದ್ದಿಸುವನು. ಹಿಂದಿನ ಕಾಲದಲ್ಲಿ ಇದನ್ನು ಕಾರ್ಬುರೇಟರಿನ ರಂಧ್ರಗಳನ್ನು ಬದಲಿಸಿ ಮಾಡುತ್ತಿದ್ದರು. ಈಗ ಇಂಜಿನಿನ ಕಂಪ್ಯೂಟರಿನೊಳಗೆ ಪಂಚಾಂಗದ ಪುಟದಂತೆ ಅಂಕಿಗಳ ಮನೆಗಳಿರುವುವು: ಇಷ್ಟು ಸುತ್ತು, ಇಷ್ಟು ಭಾರ ಇರುವಾಗ ಪೆಟ್ರೋಲು ಇಷ್ಟು, ಕಿಡಿ ಇಂತಹ ಕ್ಷಣದಲ್ಲಿ ಎಂದು. ಶ್ರುತಿ ಮಾಡುವವನು ಈ ಮನೆಗಳನ್ನು ಒಂದೊಂದಾಗಿ ತಿದ್ದುವನು.

ಮೊದಲನೆಯ ಕೆಲಸ ಪೆಟ್ರೋಲು-ಗಾಳಿಗಳ ಪಾಕ. ಒಂದು ತೂಕ ಪೆಟ್ರೋಲು ಪೂರ್ಣವಾಗಿ ಉರಿಯಲು 14.7 ತೂಕ ಗಾಳಿ ಬೇಕು. ಆದರೆ ಹೆಚ್ಚಿನ ಸಾಮರ್ಥ್ಯವು ದೊರೆಯುವುದು ಪೆಟ್ರೋಲು ಸ್ವಲ್ಪ ಹೆಚ್ಚಾಗಿರುವಾಗ, ಎಂದರೆ ಗಾಳಿಯು 12.5ರಿಂದ 13ರವರೆಗೆ ಇರುವಾಗ. ಒಳಗೆ ಹೊಕ್ಕ ಗಾಳಿಯೆಲ್ಲವೂ ಆಗ ಉಪಯೋಗಕ್ಕೆ ಬರುವುದು. ಮಿಕ್ಕ ಪೆಟ್ರೋಲು ಆವಿಯಾಗುತ್ತ ಸಿಲಿಂಡರನ್ನು ತಂಪುಮಾಡುವುದು. ಇನ್ನೂ ಹೆಚ್ಚು ಸುರಿದರೆ, ಗಾಳಿ ಸಾಲದ ಒಲೆಯಂತೆ, ಹೊಗೆಯೂ ಮಸಿಯೂ ಹೆಚ್ಚಿ ಬಲವು ಕುಂದುವುದು. ಪೂರ್ಣಭಾರದಲ್ಲಿ ಪೆಟ್ರೋಲು ತೀರ ಕಡಿಮೆಯಾದರೆ ಶಾಖವು ಮಿತಿಮೀರಿ ಪಿಸ್ಟನ್ನಿಗೇ ಕೇಡು ಬರಬಹುದು. ಹೊಗೆಯ ಕೊಳವೆಯಲ್ಲಿಟ್ಟ ಒಂದು ಸಂವೇದಕವು ಈ ಪಾಕವನ್ನು ಕ್ಷಣಕ್ಷಣಕ್ಕೂ ಹೇಳುತ್ತಿರುವುದು.

ಎರಡನೆಯದು ಕಿಡಿಯ ಮುಹೂರ್ತ. ಇದು ಹೆಚ್ಚು ನಾಜೂಕಿನದು. ಸಿಲಿಂಡರಿನಲ್ಲಿ ಕಿಡಿ ಹಾರಿದೊಡನೆ ಮಿಶ್ರಣವು ಒಮ್ಮೆಗೇ ಉರಿದುಬಿಡುವುದಿಲ್ಲ. ಜ್ವಾಲೆ ಹರಡಲು ಸೆಕೆಂಡಿನ ಸಾವಿರದೊಂದು ಭಾಗಗಳು ಕೆಲವು ಬೇಕು. ನಿಮಿಷಕ್ಕೆ 6000 ಸುತ್ತು ತಿರುಗುವಾಗ ಇಂಜಿನಿನ ದಂಡವು ಅಂತಹ ಒಂದೊಂದು ಭಾಗದಲ್ಲಿಯೂ 36 ಡಿಗ್ರಿ ತಿರುಗಿಬಿಡುವುದು. ಆದುದರಿಂದ ಪಿಸ್ಟನ್ನು ಮೇಲಿನ ತುದಿಯನ್ನು ಮುಟ್ಟುವ ಮೊದಲೇ ಕಿಡಿಯನ್ನು ಹಾರಿಸಬೇಕು. ಒತ್ತಡವು ಪರಮಾವಧಿಗೆ ಏರುವುದು ಪಿಸ್ಟನ್ನು ತುದಿಯನ್ನು ದಾಟಿ ಸುಮಾರು 15 ಡಿಗ್ರಿ ಇಳಿದಾಗ ಆಗಬೇಕು. ಉಯ್ಯಾಲೆಯನ್ನು ತೂಗುವ ತಾಯಿಗೆ ಈ ಮರ್ಮವು ಗೊತ್ತು. ಉಯ್ಯಾಲೆ ಹಿಂದಕ್ಕೆ ಬಂದು ತಿರುಗಿದ ಮೇಲೆ ತಳ್ಳಿದರೆ ಅದು ಹಗುರವಾಗಿ ಏರುವುದು; ಇನ್ನೂ ಬರುತ್ತಿರುವಾಗಲೇ ತಳ್ಳಿದರೆ ಕೈಗೂ ಪೆಟ್ಟು, ಮಗುವಿಗೂ ಬೆಚ್ಚು.

ಬಲಮಾಪಕದ ಮೇಲೆ ಕಿಡಿಯನ್ನು ಒಂದೊಂದು ಡಿಗ್ರಿಯಾಗಿ ಮುಂಚಿತ ಮಾಡುತ್ತ ಹೋದರೆ ತಿರುಗುಬಲವು ಮೊದಲು ಚೆನ್ನಾಗಿ ಏರುವುದು, ಬಳಿಕ ಏರಿಕೆಯು ಮಂದವಾಗುವುದು, ಆಮೇಲೆ ಕೆಲವು ಡಿಗ್ರಿಗಳವರೆಗೆ ಏರದೆ ಇಳಿಯದೆ ನಿಲ್ಲುವುದು, ಕೊನೆಗೆ ಇಳಿಯುವುದು. ಬೆಟ್ಟದ ತಲೆಯು ಚೂಪಾಗಿಲ್ಲದೆ ಮಟ್ಟಸವಾಗಿರುವುದೆಂದು ತಿಳಿಯಬೇಕು. ಆ ಮಟ್ಟಸದ ಈಚಿನ ಅಂಚಿನಲ್ಲಿ ನಿಂತರೂ ಆಚಿನ ಅಂಚಿನಲ್ಲಿ ನಿಂತರೂ ಕಾಗದದ ಮೇಲಿನ ಅಂಕಿಯು ಒಂದೇ. ಆದರೆ ಆಚಿನ ಅಂಚಿನಲ್ಲಿ ಪ್ರಪಾತವಿದೆ. ಕಿಡಿಯು ಅತಿ ಮುಂಚಿತವಾದರೆ, ಜ್ವಾಲೆಯು ತಲುಪುವ ಮೊದಲೇ ಮೂಲೆಯ ಮಿಶ್ರಣವು ಒತ್ತಡದಿಂದ ತಾನಾಗಿ ಸಿಡಿಯುವುದು. ತಗಡಿನ ಡಬ್ಬಿಯಲ್ಲಿ ಕಲ್ಲುಹರಳುಗಳನ್ನು ಅಲುಗಾಡಿಸಿದಂತೆ ಕೇಳಿಸುವ ಈ ಸದ್ದನ್ನು ನಾಕಿಂಗ್ ಎನ್ನುವರು. ಪೂರ್ಣಭಾರದಲ್ಲಿ ಇದು ಬಲವಾಗಿ ನಡೆದರೆ ಪಿಸ್ಟನ್ನಿನ ಅಂಚು ಒಡೆಯಲು ಬಹಳ ಹೊತ್ತು ಬೇಡ. ಕೀಳು ಪೆಟ್ರೋಲಿನಲ್ಲಿಯೂ, ಟರ್ಬೋ ಯಂತ್ರದಿಂದ ಗಾಳಿಯನ್ನು ಒತ್ತಿ ತುಂಬುವ ಇಂಜಿನುಗಳಲ್ಲಿಯೂ, ಬೆಟ್ಟದ ತಲೆಗೆ ಮುಟ್ಟುವ ಮೊದಲೇ ಪ್ರಪಾತವು ಎದುರಾಗುವುದುಂಟು. ನುರಿತವನು ಕಿವಿಗೆ ಶ್ರವಣ ಸಾಧನವನ್ನು ತೊಟ್ಟು ಆ ಸದ್ದಿಗಾಗಿ ಕಾದಿದ್ದು, ಅದು ಕೇಳಿದೊಡನೆ ಕಾಲನ್ನು ತೆಗೆಯುವನು. ಎರಡು ಮೂರು ಡಿಗ್ರಿ ಹಿಂದಕ್ಕೆ ಸರಿದು ಅಲ್ಲಿ ನಿಲ್ಲಿಸುವನು. ಬಿರುಬೇಸಗೆಯ ಮಧ್ಯಾಹ್ನವೊಂದು, ಕೀಳು ಪೆಟ್ರೋಲಿನ ಬಂಕೊಂದು ಮುಂದೆ ಬರಲಿದೆಯೆಂಬುದು ಅವನಿಗೆ ಗೊತ್ತು. ಎರಡು ಅಶ್ವಶಕ್ತಿಯ ಆಸೆಗಾಗಿ ಆ ಅಂತರವನ್ನು ತಿಂದುಬಿಟ್ಟವನು ಇಡೀ ಇಂಜಿನಿನ ಬೆಲೆಯನ್ನು ತೆರಬೇಕಾಗಬಹುದು.

ಈ ಮಟ್ಟಸವನ್ನು ರಸ್ತೆಯ ಮೇಲೆ ಯಾರೂ ಕಂಡುಹಿಡಿಯಲಾರರು. ಬೆನ್ನು ಸೀಟಿಗೆ ಒತ್ತಿದ ಅನುಭವವು ಎರಡು ಡಿಗ್ರಿಗಳ ಭೇದವನ್ನು ಹೇಳದು. ಸದ್ದು ದೊಡ್ಡದಾದರೆ ಬಲವೂ ದೊಡ್ಡದಾಯಿತೆಂದು ಕಿವಿಯು ಮೋಸಹೋಗುವುದು. ತುಂಬಿದ ಕೊಡ ತುಳುಕದೆಂಬುದನ್ನು ಬಲಮಾಪಕವು ಎಷ್ಟೋ ಗರ್ಜಿಸುವ ಕಾರುಗಳ ವಿಷಯದಲ್ಲಿ ತೋರಿಸಿಕೊಟ್ಟಿದೆ.

ಇನ್ನು ಕ್ರಮ. ಎಣ್ಣೆ, ನೀರು, ಟೈರಿನ ಗಾಳಿ, ಪಟ್ಟಿಗಳ ಬಿಗಿ ಇವನ್ನು ನೋಡಿ, ಇಂಜಿನನ್ನು ಬಿಸಿಮಾಡಿ, ಯಾವುದನ್ನೂ ಮುಟ್ಟದೆ ಮೂರು ಸಲ ಅಳೆಯಬೇಕು. ಮೂರು ಗೆರೆಗಳೂ ಒಂದರ ಮೇಲೊಂದು ಕೂಡದಿದ್ದರೆ ಕಾರಿನಲ್ಲಿಯೋ ಯಂತ್ರದಲ್ಲಿಯೋ ದೋಷವಿದೆ. ಅದನ್ನು ತಿದ್ದುವವರೆಗೆ ಮುಂದುವರಿಯಬಾರದು. ಆಮೇಲೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಸಾರಿಗೆ ಉಪ್ಪನ್ನೂ ಹುಳಿಯನ್ನೂ ಒಟ್ಟಿಗೆ ಹಾಕಿ ರುಚಿ ನೋಡಿದರೆ ಯಾವುದು ಹೆಚ್ಚಾಯಿತೆಂದು ತಿಳಿಯುವುದು ಕಷ್ಟ. ಪ್ರತಿ ಸಲವೂ ಇಂಜಿನನ್ನು ಮೊದಲಿನ ಶಾಖಕ್ಕೆ ಇಳಿಸಿ, ಅಳೆದು, ಬರೆದಿಟ್ಟುಕೊಳ್ಳಬೇಕು.

ತಕ್ಕಡಿಯ ಮಿತಿ

ಇಷ್ಟೆಲ್ಲ ಹೊಗಳಿದ ಮೇಲೆ ಈ ತಕ್ಕಡಿಯ ಮಿತಿಗಳನ್ನೂ ಹೇಳುವುದು ನ್ಯಾಯ. ಉರುಳೆಯು ಅಳೆಯುವುದು ಚಕ್ರದಲ್ಲಿರುವ ಸಾಮರ್ಥ್ಯವನ್ನು. ಇಂಜಿನಿನಿಂದ ಹೊರಟದ್ದರಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಭಾಗವು ದಾರಿಯಲ್ಲಿ ಗೇರು ಟೈರುಗಳ ಪಾಲಾಗುವುದು. ಈ ನಷ್ಟವು ಕಾರಿನಿಂದ ಕಾರಿಗೆ ಬೇರೆ; ಅದನ್ನು ಊಹೆಯಿಂದ ಸೇರಿಸಿ ಹೇಳಿದ ಅಂಕಿಯು ಊಹೆಯೇ ಸರಿ.

ಗಾಳಿಯ ಲೆಕ್ಕವೂ ಉಂಟು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿದೆ. ಅಲ್ಲಿಯ ಗಾಳಿಯ ಒತ್ತಡವು ಮಂಗಳೂರಿನ ಕಡಲತೀರದ ಒತ್ತಡಕ್ಕೆ ಹೋಲಿಸಿದರೆ ಸುಮಾರು ಹತ್ತರಲ್ಲಿ ಒಂಬತ್ತು ಪಾಲು. ಟರ್ಬೋ ಇಲ್ಲದ ಇಂಜಿನು ಬೆಂಗಳೂರಿನಲ್ಲಿ ತನ್ನ ಸಾಮರ್ಥ್ಯದ ಸುಮಾರು ಹತ್ತರಲ್ಲಿ ಒಂದು ಪಾಲನ್ನು ಕಳೆದುಕೊಳ್ಳುವುದು. ಇದನ್ನು ಸರಿದೂಗಿಸಲು ಶಾಖ, ಒತ್ತಡ, ತೇವಗಳನ್ನು ಅಳೆದು ಅಂಕಿಯನ್ನು ತಿದ್ದುವ ಸೂತ್ರಗಳಿವೆ. ಅಮೆರಿಕದ ಮೋಟಾರು ಇಂಜಿನಿಯರರ ಸಂಘದ ಸೂತ್ರವು 25 ಡಿಗ್ರಿ ಸೆಲ್ಸಿಯಸ್ ಶಾಖವನ್ನೂ 99 ಕಿಲೋಪಾಸ್ಕಲ್ ಒಣಗಾಳಿಯ ಒತ್ತಡವನ್ನೂ ಆಧಾರವಾಗಿಟ್ಟುಕೊಂಡಿದೆ. ಇನ್ನೂ ತಂಪಾದ ಗಾಳಿಯನ್ನು ಆಧಾರಮಾಡಿಕೊಂಡ ಹಳೆಯ ಸೂತ್ರವೂ ಬಳಕೆಯಲ್ಲಿದೆ. ಅದನ್ನು ಆರಿಸಿದರೆ ಅದೇ ಕಾರು, ಅದೇ ಕ್ಷಣ, ಅಂಕಿ ಮಾತ್ರ ನೂರಕ್ಕೆ ನಾಲ್ಕು ಭಾಗದಷ್ಟು ಹೆಚ್ಚು! ಒಂದು ಬೆರಳಿನ ಒತ್ತಿನಿಂದ ಗಿರಾಕಿಯನ್ನು ಸಂತೋಷಪಡಿಸುವ ಈ ಉಪಾಯವು ಮಾರುವವನ ಕೈಯಲ್ಲಿರುವುದೆಂಬುದನ್ನು ಮರೆಯಬಾರದು.

ಹೀಗಿರುವುದರಿಂದ ಒಂದು ಯಂತ್ರದ ಅಂಕಿಯನ್ನು ಇನ್ನೊಂದು ಯಂತ್ರದ ಅಂಕಿಯೊಡನೆ ಹೋಲಿಸಿ ಜಂಬಪಡುವುದು ನಿರರ್ಥಕ. ಅದೇ ಕಾರು, ಅದೇ ಯಂತ್ರ, ಅದೇ ದಿನ, ಅದೇ ಗೇರು, ಅದೇ ಸೂತ್ರ. ಕೆಲಸದ ಮೊದಲು ಎಷ್ಟು, ಕೆಲಸದ ಅನಂತರ ಎಷ್ಟು? ಈ ವ್ಯತ್ಯಾಸವೇ ನಂಬತಕ್ಕ ವಿಷಯ. ಮನೆಯ ತಕ್ಕಡಿಯು ಅಂಗಡಿಯದಕ್ಕಿಂತ ತುಸು ಹೆಚ್ಚು ತೋರಿಸಿದರೂ, ಮಗುವಿನ ತೂಕವು ತಿಂಗಳಿಂದ ತಿಂಗಳಿಗೆ ಏರುತ್ತಿದೆಯೇ ಎಂಬುದನ್ನು ಅದೊಂದರಿಂದಲೇ ನಿಶ್ಚಯಿಸಬಹುದಷ್ಟೆ.

ಮನೆಯಲ್ಲಿ ಇಂತಹ ಹವ್ಯಾಸದ ಮಗನಿರುವ ತಂದೆತಾಯಿಗಳು, ಕಾರ್ಯಾಗಾರದವನು ಗೆರೆಗಳ ಕಾಗದವನ್ನು ಮುಂದಿಟ್ಟಾಗ ಕೇಳಬೇಕಾದ ಕೆಲವು ಪ್ರಶ್ನೆಗಳಿವೆ. ಮೊದಲಿನ ಗೆರೆಯೆಲ್ಲಿ? ತಿದ್ದುವ ಸೂತ್ರ ಯಾವುದು, ಎರಡು ಸಲಕ್ಕೂ ಒಂದೇ ಏನು? ಪೆಟ್ರೋಲು-ಗಾಳಿಗಳ ಗೆರೆಯನ್ನು ಏಕೆ ತೋರಿಸಿಲ್ಲ? ಕಿಡಿಯನ್ನು ನಾಕಿಂಗಿನಿಂದ ಎಷ್ಟು ದೂರದಲ್ಲಿ ನಿಲ್ಲಿಸಿದೆ? ತಿರುಗುಬಲವನ್ನು ಪೌಂಡು-ಅಡಿಗಳಲ್ಲಿಯೂ ಸಾಮರ್ಥ್ಯವನ್ನು ಅಶ್ವಶಕ್ತಿಯಲ್ಲಿಯೂ ಒಂದೇ ಅಳತೆಪಟ್ಟಿಯ ಮೇಲೆ ಬರೆದಿದ್ದರೆ, ಆ ಎರಡು ಗೆರೆಗಳು 5252 ಸುತ್ತಿನಲ್ಲಿ ಒಂದನ್ನೊಂದು ದಾಟಲೇಬೇಕು; ವಾಟನ ಲೆಕ್ಕದಿಂದಲೇ ಹುಟ್ಟಿದ ನಿಯಮವಿದು. ದಾಟದಿದ್ದರೆ ಆ ಕಾಗದವನ್ನು ಹಿಂದಿರುಗಿಸುವುದು ಲೇಸು. ಇದಲ್ಲದೆ, ತಯಾರಕರು ನಿಗದಿಮಾಡಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಮ್ಮ ದೇಶದ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ನಿರ್ಬಂಧಿಸಿರುವುದನ್ನೂ ಮಗನಿಗೆ ತಿಳಿಸಬೇಕು. ವೇಗಕ್ಕಾಗಿ ಶ್ರುತಿಗೊಳಿಸಿದ ಕಾರಿಗೆ ತಕ್ಕ ಸ್ಥಳವು ಪಂದ್ಯದ ಪಥವೇ ಹೊರತು, ಮಕ್ಕಳು ಶಾಲೆಗೆ ನಡೆಯುವ ಬೀದಿಯಲ್ಲ.

ಕೋಬ್ರಾ ಕಾರಿನ ಒಡೆಯರಿಗೆ ನ್ಯಾಯವು ದೊರೆತದ್ದು ಅವರು ಗಟ್ಟಿಯಾಗಿ ಕೂಗಿದ್ದರಿಂದ ಮಾತ್ರವಲ್ಲ. ಕೂಗುವ ಮೊದಲು ಅಳೆದು ನೋಡಿದ್ದರಿಂದ. ಅದೇ ಉರುಳೆಗಳು ಇಂದು ಒಬ್ಬ ತರುಣನಿಗೆ "ನೀನು ಹಣ ಸುರಿದು ಹಾಕಿಸಿದ ಹೊಸ ಕೊಳವೆಯಿಂದ ಒಂದು ಅಶ್ವಶಕ್ತಿಯೂ ಹೆಚ್ಚಾಗಿಲ್ಲ" ಎಂದು ಹೇಳಿದರೆ, ಆ ಮಾತನ್ನೂ ಅವನು ಅಷ್ಟೇ ವಿಶ್ವಾಸದಿಂದ ಕೇಳಿಕೊಳ್ಳಬೇಕು.